ಬೇವು, ಹೊಗೆಸೊಪ್ಪು ಮತ್ತು ‘ಪತ್ತೆಯಾಗಿಲ್ಲ’ ಎಂಬ ಒಂದು ಮಾತು

ಪ್ರಶ್ನೆ: ನಮ್ಮದು ಕಾಸರಗೋಡಿನ ಪೆರ್ಲದ ಬಳಿ. ಮಳೆ ಮುಗಿದ ಮೇಲೆ ಬೈಲಿನ ಗದ್ದೆಯಲ್ಲಿ ಅಲಸಂಡೆ, ಹಾಗಲ, ಮುಳ್ಳುಸೌತೆ, ಸ್ವಲ್ಪ ಹರಿವೆ ಬೆಳೆಯುತ್ತೇವೆ. ರಾಸಾಯನಿಕ ಕೀಟನಾಶಕ ಮುಟ್ಟುವುದಿಲ್ಲ. ಬೇವಿನೆಣ್ಣೆ, ಬೆಳ್ಳುಳ್ಳಿ, ಗಿಡಹೇನು ಹೆಚ್ಚಾದರೆ ಹೊಗೆಸೊಪ್ಪಿನ ಕಷಾಯ, ಹತ್ತು ಬಗೆಯ ಎಲೆಗಳನ್ನು ಮನೆಯಲ್ಲೇ ಕೊಳೆಸಿದ ದಶಪರ್ಣಿ, ಕಳೆದ ವರ್ಷದಿಂದ ‘ಗಿಡಮೂಲಿಕೆ ಸಾರ’ ಎಂದು ಬರೆದ ಒಂದು ಬಾಟಲಿ ಮದ್ದು. ಮಂಗಳೂರಿನ ಅಂಗಡಿಯವರು ವರದಿ ಕೇಳಿದ್ದರಿಂದ ಅಲಸಂಡೆಯನ್ನು ಪರೀಕ್ಷೆಗೆ ಕಳಿಸಿದೆವು. ನೂರಕ್ಕೂ ಹೆಚ್ಚು ಕೀಟನಾಶಕಗಳ ಹೆಸರಿನ ಎದುರು ‘ಪತ್ತೆಯಾಗಿಲ್ಲ’ ಎಂದು ಬಂತು. ನನಗೆ ಸಮಾಧಾನವಾಯಿತು. ಆದರೆ ಮಗಳು ಪಟ್ಟಿಯನ್ನೆಲ್ಲ ಓದಿ, ‘ಅಪ್ಪಾ, ನಾವು ಬಿಟ್ಟ ಮದ್ದಿನ ಹೆಸರೇ ಇದರಲ್ಲಿ ಇಲ್ಲವಲ್ಲ’ ಎಂದಳು. ಗಿಡದಿಂದ ಮಾಡಿದ ಮದ್ದಿನ ಅಂಶ ಕಾಯಿಯಲ್ಲಿ ಉಳಿಯುತ್ತದೆಯೇ? ಅದನ್ನು ಅಳೆಯಲು ಬರುತ್ತದೆಯೇ?

ಉತ್ತರ: ನಿಮ್ಮ ಮಗಳು ಹಿಡಿದದ್ದು ಸರಿ. ಮೊದಲು ಆ ವರದಿಯನ್ನು ಹೇಗೆ ಓದಬೇಕು ಎಂಬುದನ್ನೇ ಹೇಳುತ್ತೇನೆ. ಪ್ರಯೋಗಾಲಯದ ಯಂತ್ರ ಕಾಯಿಯೊಳಗೆ ಏನೇನಿದೆ ಎಂದು ತಾನಾಗಿ ಹೇಳುವುದಿಲ್ಲ. ಯಾವ ಅಣುವನ್ನು ಹುಡುಕಬೇಕೆಂದು ನಾವು ಮೊದಲೇ ತಿಳಿಸಿರಬೇಕು, ಅದರ ಶುದ್ಧ ಮಾದರಿಯನ್ನು ಓಡಿಸಿ ಗುರುತು ಹಿಡಿಸಿರಬೇಕು. ಪಟ್ಟಿಯಲ್ಲಿ ಇರುವ ಹೆಸರುಗಳಿಗೆ ಮಾತ್ರ ಅದು ಕಣ್ಣು ತೆರೆಯುತ್ತದೆ. ನಿಮ್ಮ ವರದಿ ಸುಳ್ಳಲ್ಲ. ಪಕ್ಕದ ತೋಟದಿಂದ ಹಾರಿ ಬಂದ ರಾಸಾಯನಿಕವಾಗಲಿ, ನೀವು ತಿಳಿಯದೆ ಬಳಸಿದ್ದಾಗಲಿ, ಪಟ್ಟಿಯಲ್ಲಿರುವ ಯಾವ ರಾಸಾಯನಿಕವೂ ಆ ಅಲಸಂಡೆಯಲ್ಲಿ ಅಳತೆಗೆ ಸಿಗುವಷ್ಟು ಇರಲಿಲ್ಲ ಎಂದು ಅದು ಹೇಳುತ್ತದೆ, ಅದು ಒಳ್ಳೆಯ ಸುದ್ದಿಯೇ. ಆದರೆ ಬೇವಿನ ಬಗ್ಗೆ, ಹೊಗೆಸೊಪ್ಪಿನ ಬಗ್ಗೆ, ದಶಪರ್ಣಿಯ ಬಗ್ಗೆ ಅದು ಒಂದಕ್ಷರವನ್ನೂ ಹೇಳಿಲ್ಲ.

ಇನ್ನೊಂದು ಮಾತು: ‘ಪತ್ತೆಯಾಗಿಲ್ಲ’ ಎಂದರೆ ಸೊನ್ನೆ ಎಂದಲ್ಲ. ವರದಿಯ ಮೂಲೆಯಲ್ಲಿ ಒಂದು ಅಂಕಿ ಇರುತ್ತದೆ, ಸಾಮಾನ್ಯವಾಗಿ ಕಿಲೋಗೆ 0.01 ಮಿಲಿಗ್ರಾಂ. ಅದಕ್ಕಿಂತ ಕಡಿಮೆ ಇದ್ದರೆ ಅಳೆದು ಹೇಳುವುದಿಲ್ಲ ಎಂದು ಅದರ ಅರ್ಥ. ಆ ಅಂಕಿ ಎಷ್ಟು ಸಣ್ಣದು ಎಂದರೆ, ತಲಾ ಹತ್ತು ಟನ್ ಸೌತೆಕಾಯಿ ಹೇರಿದ ಹತ್ತು ಲಾರಿಗಳಲ್ಲಿ ಒಟ್ಟು ಒಂದು ಗ್ರಾಂ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲೂ, ಪ್ರತ್ಯೇಕ ಮಿತಿ ನಿಗದಿಯಾಗದ ಕೀಟನಾಶಕಕ್ಕೆ ಇದೇ 0.01 ಅನ್ವಯವಾಗುತ್ತದೆ.

ನೀವು ಎಣ್ಮಕಜೆ ಪಂಚಾಯತಿನವರು. ಉಳಿಕೆ ಎಂಬ ಮಾತಿನ ಭಾರ ನಿಮಗೆ ನಾನು ಹೇಳಿಕೊಡಬೇಕಾಗಿಲ್ಲ. ಗೇರು ತೋಟಗಳ ಚಹಾ ಸೊಳ್ಳೆ ಎಂಬ ಕೀಟಕ್ಕೆಂದು ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ನಿಮ್ಮ ಗುಡ್ಡಗಳ ಮೇಲೆ 2000ದವರೆಗೆ ಬಿದ್ದಿತು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಲ್ಲೇ ತಡೆಯಿತು, 2017ರಲ್ಲಿ ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿತು. ಆ ಅಣುವಿನಲ್ಲಿ ಆರು ಕ್ಲೋರಿನ್ ಪರಮಾಣುಗಳಿವೆ. ಒಡೆದರೂ ಎಂಡೋಸಲ್ಫಾನ್ ಸಲ್ಫೇಟ್ ಎಂಬ ಇನ್ನೊಂದು ಗಟ್ಟಿ ವಿಷವಾಗಿ ಮಣ್ಣಿನಲ್ಲಿ ಕೂರುತ್ತದೆ. ಕ್ಲೋರಿನ್ನನ್ನು ಹಿಡಿಯುವ ಯಂತ್ರ ಹಳೆಯ ಕಾಲದಿಂದಲೂ ಇದ್ದುದರಿಂದ ಅದನ್ನು ಅಳೆಯುವುದು ಪ್ರಯೋಗಾಲಯಕ್ಕೆ ಕಷ್ಟವಾಗಿರಲಿಲ್ಲ. ಅಷ್ಟನ್ನು ಕಂಡ ಊರಿನವರು ಗಿಡದ ಮದ್ದಿನ ಕಡೆ ತಿರುಗಿದ್ದು ಸಹಜ, ನನಗೆ ಅದರ ಬಗ್ಗೆ ಗೌರವವಿದೆ. ಆದರೆ ಗಿಡದ ಮದ್ದಿನ ಅಣುಗಳ ಗುಣವೇ ಬೇರೆ. ಕ್ಲೋರಿನ್ ಇಲ್ಲ, ಬಿಸಿಲಿಗೆ ನಿಲ್ಲುವುದಿಲ್ಲ, ಕಾಯಿಯದೇ ಆದ ಸಾವಿರ ಸಾರಗಳ ನಡುವೆ ಬೆರೆತುಹೋಗುತ್ತವೆ. ಎಂಡೋಸಲ್ಫಾನಿಗೆಂದು ಮಾಡಿದ ಬಲೆಯಲ್ಲಿ ಇವು ಬೀಳುವುದಿಲ್ಲ.

‘ಗಿಡಮೂಲ’ ಎಂಬುದು ಹುಟ್ಟೂರಿನ ಹೆಸರು ಮಾತ್ರ, ಗುಣದ ಹೆಸರಲ್ಲ. ಕಾಸರಗೋಡು ಎಂಬ ಹೆಸರೇ ಕಾಸರಕದ ಮರದಿಂದ ಬಂತು ಎನ್ನುವವರಿದ್ದಾರೆ. ಅದರ ಬೀಜದಲ್ಲಿರುವ ಸ್ಟ್ರಿಕ್ನಿನ್ ಮನುಷ್ಯನನ್ನು ಕೊಲ್ಲುವ ವಿಷ, ಅದೂ ಗಿಡಮೂಲವೇ. ಆದ್ದರಿಂದ ನೀವು ಬಳಸಿದ ಮದ್ದುಗಳನ್ನು ಒಂದೊಂದಾಗಿ ನೋಡೋಣ.

ಬೇವಿನಲ್ಲಿ ನಾವು ಅಳೆಯುವುದು ಕೀಟವನ್ನು ತಡೆಯುವ ಅದರ ಮುಖ್ಯ ಅಣುವಾದ ಅಜಾಡಿರಾಕ್ಟಿನ್. ಅಂಗಡಿಯಲ್ಲಿ ಸಿಗುವ ಬೇವಿನ ಮದ್ದಿನ ಮೇಲೆ 300, 1500, 3000, 10000 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು) ಎಂದು ಬರೆದಿರುವುದು ಇದರ ಪ್ರಮಾಣವನ್ನೇ. ಲೆಕ್ಕ ಹಾಕೋಣ. 1500 ಪಿಪಿಎಂನ ಮದ್ದನ್ನು ಲೀಟರಿಗೆ 5 ಮಿಲಿಯಂತೆ ಬೆರೆಸಿದರೆ ಒಂದು ಲೀಟರ್ ದ್ರಾವಣದಲ್ಲಿ ಸುಮಾರು 7.5 ಮಿಲಿಗ್ರಾಂ ಅಜಾಡಿರಾಕ್ಟಿನ್ ಇರುತ್ತದೆ. ಒಂದು ಕಿಲೋ ಅಲಸಂಡೆಯ ಮೇಲೆ 30 ಮಿಲಿ ದ್ರಾವಣ ನಿಂತಿತು ಎಂದು ಇಟ್ಟುಕೊಳ್ಳಿ. ಆಗ ಕಿಲೋಗೆ 0.22 ಮಿಲಿಗ್ರಾಂ. ಯುರೋಪು ಹೆಚ್ಚಿನ ತರಕಾರಿಗಳಿಗೆ ಕೊಟ್ಟ ಮಿತಿ ಕಿಲೋಗೆ 1 ಮಿಲಿಗ್ರಾಂ, ಅಮೆರಿಕವಂತೂ ಇದಕ್ಕೆ ಮಿತಿಯೇ ಬೇಡವೆಂದು ವಿನಾಯಿತಿ ಕೊಟ್ಟಿದೆ. ಅಂದರೆ ಮದ್ದು ಬಿಟ್ಟ ದಿನವೇ ನಿಮ್ಮ ಅಲಸಂಡೆ ಆ ಗೆರೆಯ ಕೆಳಗಿದೆ. ಎಲೆ, ಕಾಯಿಗಳ ಮೇಲೆ ಅದು ಒಂದೆರಡು ದಿನಕ್ಕೆ ಅರ್ಧವಾಗುತ್ತದೆ. ಎರಡು ದಿನ ಎಂದೇ ಹಿಡಿದರೂ ಎಂಟನೆಯ ದಿನ 0.014, ಹತ್ತನೆಯ ದಿನ 0.007. ಆಗ ವರದಿಯಲ್ಲಿ ‘ಪತ್ತೆಯಾಗಿಲ್ಲ’ ಎಂದು ಬರುವುದು ನ್ಯಾಯವಾಗಿಯೇ ಬರುತ್ತದೆ. ಮುಳ್ಳುಸೌತೆಯಲ್ಲಿ ಇನ್ನೂ ಬೇಗ ಇಳಿಯುತ್ತದೆ, ಏಕೆಂದರೆ ಮಿಡಿ ಎರಡು ಮೂರು ದಿನಕ್ಕೇ ಇಮ್ಮಡಿ ತೂಗುತ್ತದೆ, ಅದೇ ಮದ್ದು ಹೆಚ್ಚು ತೂಕಕ್ಕೆ ಹಂಚಿಹೋಗುತ್ತದೆ. ಹರಿವೆಯ ಲೆಕ್ಕ ಇದಕ್ಕೆ ತದ್ವಿರುದ್ಧ. ಸೊಪ್ಪಿನ ಒಂದು ಕಿಲೋದಲ್ಲಿ ಎಲೆಯ ಹರವು ಬಹಳ, ಅದು ಹಿಡಿದುಕೊಳ್ಳುವ ದ್ರಾವಣವೂ ಬಹಳ. ಸೊಪ್ಪಿಗೆ ಬೇವನ್ನಾದರೂ ಕೊಯ್ಲಿನ ಹಿಂದಿನ ದಿನ ಬಿಡಬೇಡಿ.

ಬೇವಿನ ವಿಷಯದಲ್ಲಿ ಬಹಳ ಮಂದಿ ತಪ್ಪುವ ಒಂದು ಕಡೆ ಇದೆ. ಅಜಾಡಿರಾಕ್ಟಿನ್ ತುಸು ಹುಳಿ ನೀರಿನಲ್ಲಿ ಬಾಳುತ್ತದೆ, ಕ್ಷಾರದಲ್ಲಿ ಬೇಗ ಒಡೆಯುತ್ತದೆ. ಮುರಕಲ್ಲಿನ ನೆಲದ ಬಾವಿ ನೀರು ಸಾಮಾನ್ಯವಾಗಿ ತುಸು ಹುಳಿಯೇ, ಅದು ನಿಮಗೆ ಅನುಕೂಲ. ಆದರೆ ಎಣ್ಣೆ ಬೆರೆಯಲೆಂದು ಕರಗಿಸುವ ಬಟ್ಟೆ ಸಾಬೂನು ಕ್ಷಾರ. ಸಾಬೂನು ಬೆರೆಸಿದ ಬೇವಿನೆಣ್ಣೆಯನ್ನು ನಾಳೆಗೆಂದು ಡ್ರಮ್ಮಿನಲ್ಲಿ ಇಟ್ಟರೆ ಮರುದಿನ ನೀವು ಗಿಡಕ್ಕೆ ಬಿಡುವುದು ಹೆಚ್ಚು ಕಡಿಮೆ ಸಾಬೂನು ನೀರನ್ನೇ. ಬೆರೆಸಿದ ದಿನವೇ, ಬಿಸಿಲು ಇಳಿದ ಮೇಲೆ ಬಿಟ್ಟು ಮುಗಿಸಿ.

ಈಗ ಹೊಗೆಸೊಪ್ಪು. ನಿಮ್ಮ ಪತ್ರ ಓದಿದಾಗ ನನ್ನ ಮನಸ್ಸು ನಿಂತದ್ದು ಇಲ್ಲಿ. ಕೇರಳದ ಕೃಷಿಕರಿಗೆಲ್ಲ ಗೊತ್ತಿರುವ ಪಾಕ: ಅರ್ಧ ಕಿಲೋ ಹೊಗೆಸೊಪ್ಪನ್ನು ನಾಲ್ಕೂವರೆ ಲೀಟರ್ ನೀರಿನಲ್ಲಿ ಒಂದು ದಿನ ನೆನೆಸಿ, ಹಿಂಡಿ, ಸಾಬೂನು ನೀರು ಸೇರಿಸಿ, ಆರೇಳು ಪಾಲು ನೀರಿಗೆ ಬೆರೆಸುವುದು. ಹೊಗೆಸೊಪ್ಪಿನಲ್ಲಿ ನೂರಕ್ಕೆ ಎರಡು ಪಾಲು ನಿಕೋಟಿನ್ ಇದೆ ಎಂದು ಹಿಡಿದರೆ ಅರ್ಧ ಕಿಲೋದಲ್ಲಿ 10 ಗ್ರಾಂ. ನೀರಿಗೆ ಅದರಲ್ಲಿ ಅರ್ಧವಷ್ಟೇ ಇಳಿಯಿತು ಎಂದುಕೊಂಡರೂ 5 ಗ್ರಾಂ, ಒಟ್ಟು ದ್ರಾವಣ 30 ಲೀಟರಿನ ಆಸುಪಾಸು. ಲೀಟರಿಗೆ 160 ಮಿಲಿಗ್ರಾಂಗಿಂತ ಹೆಚ್ಚಾಯಿತು. ಬೇವಿನ 7.5ರ ಪಕ್ಕದಲ್ಲಿ ಇಟ್ಟು ನೋಡಿ, ಇಪ್ಪತ್ತು ಪಟ್ಟಿಗೂ ಮಿಕ್ಕಿ. ಅದೇ 30 ಮಿಲಿಯ ಲೆಕ್ಕದಲ್ಲಿ ಒಂದು ಕಿಲೋ ಅಲಸಂಡೆಗೆ ಸುಮಾರು 5 ಮಿಲಿಗ್ರಾಂ ನಿಕೋಟಿನ್.

ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2009ರಲ್ಲಿ, ಒಂದು ದಿನಕ್ಕೆ ಮನುಷ್ಯನ ಮೈಗೆ ತೊಂದರೆಯಿಲ್ಲದೆ ಸಲ್ಲುವ ನಿಕೋಟಿನ್ ಎಷ್ಟೆಂದು ಲೆಕ್ಕ ಹಾಕಿತು. ಒಣ ಅಣಬೆಯಲ್ಲಿ ನಿಕೋಟಿನ್ ಸಿಕ್ಕಿದ್ದರಿಂದ ಆ ಲೆಕ್ಕ ಬೇಕಾಯಿತು. ಬಂದ ಅಂಕಿ, ಮೈತೂಕದ ಪ್ರತಿ ಕಿಲೋಗೆ 0.0008 ಮಿಲಿಗ್ರಾಂ. 15 ಕಿಲೋ ತೂಗುವ ಮಗುವಿಗೆ ದಿನಕ್ಕೆ 0.012 ಮಿಲಿಗ್ರಾಂ ಆಯಿತು. ಮದ್ದು ಬಿಟ್ಟ ದಿನವೇ ಕೊಯ್ದ ಅಲಸಂಡೆಯ 50 ಗ್ರಾಂ ಪಲ್ಯದಲ್ಲಿ ಮೇಲಿನ ಲೆಕ್ಕದಂತೆ 0.25 ಮಿಲಿಗ್ರಾಂ, ಮಿತಿಯ ಇಪ್ಪತ್ತು ಪಟ್ಟು. ತೊಳೆಯುವಾಗ ಸ್ವಲ್ಪ ಹೋಗುತ್ತದೆ, ಬೇಯಿಸುವಾಗ ಇನ್ನಷ್ಟು ಹೋಗುತ್ತದೆ, ಕಾದಷ್ಟು ದಿನ ಆರುತ್ತದೆ, ಎಲ್ಲ ನಿಜ. ಆದರೆ ಇಪ್ಪತ್ತರಿಂದ ಒಂದಕ್ಕೆ ಇಳಿಯಿತೆಂದು ಅಳೆಯದೆ ಹೇಳಲು ನನಗೆ ಧೈರ್ಯವಿಲ್ಲ. ಅದೂ ಅಲಸಂಡೆ ದಿನ ಬಿಟ್ಟು ದಿನ ಕೊಯ್ಯುವ ಬೆಳೆ. ಕಾಯಿ ಬಲಿಯುವ ಮೊದಲೇ ಕೊಯ್ಯಬೇಕಾದ್ದರಿಂದ ಕಾಯುವ ಅವಧಿ ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ನಿಕೋಟಿನ್ ಸಲ್ಫೇಟನ್ನು ನಮ್ಮ ದೇಶದಲ್ಲಿ ಬಳಸುವಂತಿಲ್ಲ, ರಫ್ತಿಗೆಂದು ತಯಾರಿಸಲು ಮಾತ್ರ ಅನುಮತಿ. ಅದೇ ನಿಕೋಟಿನ್ ಕಷಾಯವಾಗಿ ಮನೆಯ ಹಂಡೆಯಿಂದ ಬಂದರೆ ಸೌಮ್ಯವಾಗುವುದಿಲ್ಲ. ಹೊಗೆಸೊಪ್ಪನ್ನು ಹೂ ಬಿಡುವ ಮೊದಲು, ಎಳೆ ಗಿಡದ ಕಾಲಕ್ಕೆ ಸೀಮಿತಗೊಳಿಸಿ. ಕೊಯ್ಲು ಶುರುವಾದ ಚಪ್ಪರಕ್ಕೆ ಬೇಡ. ಬಿಡುವಾಗ ಕೈಗವಸು, ತುಂಬು ತೋಳಿನ ಅಂಗಿ ಇರಲಿ. ನಿಕೋಟಿನ್ ಒದ್ದೆ ಚರ್ಮದ ಮೂಲಕ ನೇರವಾಗಿ ಒಳಗೆ ಇಳಿಯುತ್ತದೆ.

ದಶಪರ್ಣಿಯಲ್ಲಿ ನೀವು ಯಾವ ಹತ್ತು ಎಲೆ ಹಾಕುತ್ತೀರಿ ಎಂದು ಬರೆದಿಲ್ಲ. ಬೇವು, ಲಕ್ಕಿ, ಹೊಂಗೆ, ಪಪ್ಪಾಯಿ ಇದ್ದರೆ ನನ್ನ ತಕರಾರಿಲ್ಲ. ಆದರೆ ಕೆಲವು ಪಾಕಗಳಲ್ಲಿ ಉಮ್ಮತ್ತಿ, ಕಣಗಿಲೆ ಸೇರುತ್ತವೆ. ಉಮ್ಮತ್ತಿಯ ಅಟ್ರೋಪಿನ್ ಮತ್ತು ಸ್ಕೋಪಲಮಿನ್‌ಗಳಿಗೆ ಯುರೋಪು ಹಾಕಿಕೊಂಡ ದಿನದ ಮಿತಿ ನಿಕೋಟಿನ್‌ನದಕ್ಕಿಂತ ಐವತ್ತು ಪಟ್ಟು ಬಿಗಿ. ಕೀಟನಾಶಕದ ಸಾಮಾನ್ಯ ಪರೀಕ್ಷಾ ಪಟ್ಟಿಯಲ್ಲಿ ಇವೆರಡರ ಹೆಸರೂ ಇರುವುದಿಲ್ಲ. ಕಣಗಿಲೆಯ ವಿಷ ಹೃದಯಕ್ಕೆ ಹೋಗುತ್ತದೆ. ಎರಡನ್ನೂ ತೆಗೆದುಬಿಡಿ. ಹತ್ತು ಎಲೆಯ ಲೆಕ್ಕ ತುಂಬಬೇಕೆಂದಿದ್ದರೆ ಅವುಗಳ ಬದಲು ಇನ್ನಷ್ಟು ಲಕ್ಕಿಯನ್ನೇ ಹಾಕಿ.

ಬಾಟಲಿಯ ‘ಗಿಡಮೂಲಿಕೆ ಸಾರ’ದ ಬಗ್ಗೆ ಎರಡೇ ಮಾತು. ಲೇಬಲ್‌ನಲ್ಲಿ ಅಣುವಿನ ಹೆಸರು, ಪ್ರಮಾಣ, ನೋಂದಣಿ ಸಂಖ್ಯೆ ಇಲ್ಲದಿದ್ದರೆ ಬಳಸಬೇಡಿ. ಗಿಡಮೂಲ ಎಂದು ಮಾರುವ ಮದ್ದಿನಲ್ಲಿ ರಾಸಾಯನಿಕವನ್ನು ಕದ್ದು ಬೆರೆಸಿದ್ದು ನಮ್ಮ ದೇಶದಲ್ಲೂ ಹೊರಗೂ ಸಿಕ್ಕಿದೆ. ನಿಮ್ಮ ‘ಪತ್ತೆಯಾಗಿಲ್ಲ’ ವರದಿ ಉಪಯೋಗಕ್ಕೆ ಬರುವುದು ಇಲ್ಲೇ, ಆ ಬಾಟಲಿ ಬಿಟ್ಟ ಮೇಲೆ ಕೊಯ್ದ ಅಲಸಂಡೆಯನ್ನೇ ಕಳಿಸಿದ್ದರೆ. ಬಾಟಲಿಯಲ್ಲಿ ಪೈರೆಥ್ರಮ್ ಇದೆ ಎಂದು ಬರೆದಿದ್ದರೆ ಅದು ಸೇವಂತಿಗೆಯ ಕುಲದ ಬಿಳಿ ಹೂವಿನಿಂದ ತೆಗೆದದ್ದು. ಪೈರೆಥ್ರಿನ್, ಸಿನೆರಿನ್, ಜಾಸ್ಮೋಲಿನ್ ಎಂಬ ಮೂರು ಜೋಡಿ, ಒಟ್ಟು ಆರು ಅಣುಗಳು. ಆರನ್ನೂ ಅಳೆದು ಕೂಡಿಸಬೇಕು. ಹೆಸರು ಹೋಲುವ ಸೈಪರ್‌ಮೆಥ್ರಿನ್‌ನಂಥವು ಪೈರೆಥ್ರಾಯ್ಡ್‌ಗಳು, ಕಾರ್ಖಾನೆಯಲ್ಲಿ ಮಾಡಿದವು. ಹೂವಿನವು ಬಿಸಿಲಲ್ಲಿ ಗಂಟೆಗಳ ಲೆಕ್ಕದಲ್ಲಿ ಕರಗುತ್ತವೆ, ಕಾರ್ಖಾನೆಯವು ದಿನಗಟ್ಟಲೆ ನಿಲ್ಲುವಂತೆಯೇ ಮಾಡಲ್ಪಟ್ಟವು. ಪೈರೆಥ್ರಮ್ಮಿನ ಬಲ ಹೆಚ್ಚಿಸಲು ಪೈಪೆರೊನಿಲ್ ಬ್ಯುಟಾಕ್ಸೈಡ್ ಬೆರೆಸುವುದುಂಟು. ಹೂವಿನ ಅಣು ಮಾಯವಾದ ಮೇಲೂ ಇದು ಉಳಿದು ಸಾಕ್ಷಿ ಹೇಳುತ್ತದೆ, ಆದ್ದರಿಂದ ಪಟ್ಟಿಯಲ್ಲಿ ಇದನ್ನೂ ಸೇರಿಸಲು ಕೇಳಿ.

ಅಳೆಯುವುದು ಹೇಗೆ ಎಂಬುದನ್ನು ಮಗಳಿಗಾಗಿ ಬರೆಯುತ್ತೇನೆ. ಕಾಯಿಯನ್ನು ಹೆಪ್ಪುಗಟ್ಟಿಸಿ ಪುಡಿ ಮಾಡಿ, 10 ಗ್ರಾಂ ತೂಗಿ ಮುಚ್ಚಳದ ಕೊಳವೆಗೆ ಹಾಕುತ್ತೇವೆ. ಮೇಲೆ 10 ಮಿಲಿ ಅಸಿಟೋನೈಟ್ರೈಲ್ ಎಂಬ ದ್ರಾವಕ. ಅದಕ್ಕೆ 4 ಗ್ರಾಂ ನೀರಿಲ್ಲದ ಮೆಗ್ನೀಸಿಯಂ ಸಲ್ಫೇಟ್ ಮತ್ತು 1 ಗ್ರಾಂ ಉಪ್ಪು ಸುರಿದು ಒಂದು ನಿಮಿಷ ಜೋರಾಗಿ ಕುಲುಕಬೇಕು. ಸಲ್ಫೇಟು ಕಾಯಿಯ ನೀರನ್ನು ಹೀರಿಕೊಳ್ಳುವಾಗ ಕೊಳವೆ ಕೈಯಲ್ಲಿ ಆಗ ತಾನೇ ಸೋಸಿದ ಚಹಾದ ಲೋಟದ ಹಾಗೆ ಬೆಚ್ಚಗಾಗುತ್ತದೆ. ಯಂತ್ರದಲ್ಲಿ ಗಿರಗಿರನೆ ತಿರುಗಿಸಿ ತೆಗೆದರೆ ಕೆಳಗೆ ಬಿಳಿ ಉಪ್ಪಿನ ಗಡ್ಡೆ ಮತ್ತು ಉಳಿದ ನೀರು, ಅದರ ಮೇಲೆ ಅಲಸಂಡೆಯ ನಾರಿನ ತಟ್ಟೆ, ಎಲ್ಲಕ್ಕೂ ಮೇಲೆ ತಿಳಿ ಹಸಿರು ದ್ರಾವಕ. ನಮಗೆ ಬೇಕಾದದ್ದು ಆ ಹಸಿರಿನಲ್ಲಿದೆ. 2003ರಲ್ಲಿ ಪ್ರಕಟವಾದ ಈ ‘ಕ್ಯಾಚರ್ಸ್’ ವಿಧಾನ ಬರುವ ಮುನ್ನ ಇದೇ ಕೆಲಸಕ್ಕೆ ನೂರಾರು ಮಿಲಿ ದ್ರಾವಕ ಬೇಕಾಗುತ್ತಿತ್ತು. ಆ ಹಸಿರನ್ನು ಇನ್ನಷ್ಟು ತೊಳೆದು ಎಲ್‌ಸಿ-ಎಂಎಸ್/ಎಂಎಸ್ ಎಂಬ ಯಂತ್ರಕ್ಕೆ ಹಾಕಿದರೆ ಅದು ಅಣುಗಳನ್ನು ಬೇರ್ಪಡಿಸಿ, ಒಂದೊಂದರ ತೂಕ ನೋಡಿ, ಒಡೆದು ಚೂರುಗಳ ತೂಕವನ್ನೂ ನೋಡುತ್ತದೆ. ಅಜಾಡಿರಾಕ್ಟಿನ್‌ನ ತೂಕ 720. ಅದು ಒಂದು ಸೋಡಿಯಂ ಅನ್ನು ಅಂಟಿಸಿಕೊಂಡು 743 ಆಗಿ ಯಂತ್ರದಲ್ಲಿ ಕಾಣುತ್ತದೆ. ಬೆಳಕು ಹೀರುವುದನ್ನು ನೋಡುವ ಹಳೆಯ ಯಂತ್ರದಲ್ಲಿ ಬಾಟಲಿಯ ಮದ್ದನ್ನು ಅಳೆಯಬಹುದು, ಕಾಯಿಯ ಉಳಿಕೆಯನ್ನು ಅಳೆಯಲಾಗದು. ಅಜಾಡಿರಾಕ್ಟಿನ್ ಹೀರುವ 217 ನ್ಯಾನೊಮೀಟರಿನ ಬೆಳಕನ್ನು ಹಾಗಲಕಾಯಿಯ ಸಾರವೆಲ್ಲ ಹೀರುತ್ತದೆ. ಬಿಸಿ ಮಾಡಿ ಆವಿಯಾಗಿಸುವ ಗ್ಯಾಸ್ ಕ್ರೊಮೆಟೊಗ್ರಾಫಿಯಲ್ಲಿ ಈ ಅಣು ಸುಟ್ಟೇಹೋಗುತ್ತದೆ.

ನಿಕೋಟಿನ್ ಅಳೆಯುವುದು ಇನ್ನೂ ನಾಜೂಕು. ಅದು ಕ್ಷಾರ ಗುಣದ್ದು. ಕಾಯಿಯ ಹುಳಿಯಲ್ಲಿ ನೀರಿನ ಪಾಲಿಗೆ ಹೋಗಿ ಕೂರುತ್ತದೆ, ಮೇಲಿನ ದ್ರಾವಕಕ್ಕೆ ಬರುವುದಿಲ್ಲ. ಮೊದಲೇ ಕ್ಷಾರ ಸೇರಿಸಿ ಹುಳಿ ಕಳೆಯದಿದ್ದರೆ ಇದ್ದುದು ಕಡಿಮೆಯಾಗಿ ಕಾಣುತ್ತದೆ. ಬದನೆ, ಟೊಮೆಟೊಗಳಲ್ಲಿ ಹುಟ್ಟಿನಿಂದಲೇ ಅತ್ಯಲ್ಪ ನಿಕೋಟಿನ್ ಇರುತ್ತದೆ, ಅದನ್ನು ಮದ್ದಿನ ಲೆಕ್ಕಕ್ಕೆ ಹಾಕಬಾರದು. ನಾನು ಬಹಳ ಹಿಂದೆ ಕೆಲಸ ಮಾಡಿದ ಒಂದು ಪ್ರಯೋಗಾಲಯದಲ್ಲಿ ಮದ್ದು ಕಾಣದ ಸೌತೆಕಾಯಿಯಲ್ಲೂ ನಿಕೋಟಿನ್ ಬರತೊಡಗಿತು. ಒಂದು ವಾರ ಯಂತ್ರ ತೊಳೆದೆವು, ದ್ರಾವಕ ಬದಲಿಸಿದೆವು, ಕಾಯಿ ತಂದ ತೋಟದ ಮೇಲೆ ಅನುಮಾನ ಪಟ್ಟೆವು. ಕಡೆಗೆ ಸಿಕ್ಕಿದ್ದು ಕಾಯಿ ಹೆಚ್ಚುವ ಸಹಾಯಕನ ಬೆರಳುಗಳಲ್ಲಿ. ಊಟದ ಬಿಡುವಿನಲ್ಲಿ ಬೀಡಿ ಸೇದಿ ಬಂದು ಕೈಗವಸಿಲ್ಲದೆ ಹೆಚ್ಚುತ್ತಿದ್ದ. ಆ ವಾರ ಒಬ್ಬ ಬೆಳೆಗಾರನ ಹೆಸರು ಕೆಡಲು ಒಂದು ಸಹಿಯಷ್ಟೇ ಬಾಕಿ ಇತ್ತು. ಅಂದಿನಿಂದ, ಮದ್ದು ಮುಟ್ಟದ ಕಾಯಿಯ ಒಂದು ಮಾದರಿ ಜೊತೆಗಿಲ್ಲದೆ ಬಂದ ಯಾವ ಫಲಿತಾಂಶಕ್ಕೂ ನಾನು ಸಹಿ ಹಾಕಿಲ್ಲ.

ಪೇಟೆಯಲ್ಲಿ ಸಿಗುವ, ಬಣ್ಣ ಬದಲಾಗುವ ಪರೀಕ್ಷಾ ಕಾಗದದ ಪಟ್ಟಿಗಳನ್ನು ಇದಕ್ಕೆ ನಂಬಬೇಡಿ. ಅವು ಆರ್ಗನೊಫಾಸ್ಫೇಟ್ ಮತ್ತು ಕಾರ್ಬಮೇಟ್ ಎಂಬ ಎರಡು ಬಗೆಯ ರಾಸಾಯನಿಕಗಳಿಗೆ ಮಾತ್ರ ಪ್ರತಿಕ್ರಿಯಿಸುತ್ತವೆ.

ಇನ್ನು ನೀವು ಮಾಡಬೇಕಾದದ್ದು. ತಿರುವನಂತಪುರದ ವೆಳ್ಳಾಯಣಿ ಕೃಷಿ ಕಾಲೇಜಿನಲ್ಲಿ, ಬೆಂಗಳೂರಿನ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯಲ್ಲಿ ಉಳಿಕೆ ಪ್ರಯೋಗಾಲಯಗಳಿವೆ. ಎಲ್ಲಿಗೆ ಕಳಿಸುವುದಾದರೂ ಮೊದಲು ಫೋನಿನಲ್ಲಿ ಕೇಳಿ: ಅಜಾಡಿರಾಕ್ಟಿನ್, ನಿಕೋಟಿನ್, ಪೈರೆಥ್ರಿನ್ ನಿಮ್ಮ ಪಟ್ಟಿಯಲ್ಲಿವೆಯೇ, ತರಕಾರಿಯಲ್ಲಿ ಇವನ್ನು ಅಳೆಯಲು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇದೆಯೇ, ಕನಿಷ್ಠ ಎಷ್ಟನ್ನು ಅಳೆಯುತ್ತೀರಿ? ಮದ್ದಿಲ್ಲದ ಕಾಯಿಗೆ ಗೊತ್ತಿರುವಷ್ಟು ಮದ್ದು ಬೆರೆಸಿ ಅಳೆದಾಗ ನೂರಕ್ಕೆ 70ರಿಂದ 120ರೊಳಗೆ ವಾಪಸ್ ಸಿಗುತ್ತದೆಯೇ ಎಂದೂ ಕೇಳಿ. ಒಳ್ಳೆಯ ಪ್ರಯೋಗಾಲಯ ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಚಪ್ಪರದ ಒಂದು ಸಾಲನ್ನು ಈಗಲೇ ಬೇರೆ ಬಿಡಿ, ಅದಕ್ಕೆ ಯಾವ ಮದ್ದೂ ಬೇಡ. ಬೇವು ಬಿಟ್ಟ ಸಾಲಿನಿಂದ ಎರಡು ಗಂಟೆಯ ಮೇಲೆ ಒಮ್ಮೆ, ಮೂರನೆಯ ದಿನ ಒಮ್ಮೆ, ಏಳನೆಯ ದಿನ ಒಮ್ಮೆ ಕೊಯ್ಯಿರಿ. ಖರ್ಚು ಹೆಚ್ಚಾದರೆ ಅಕ್ಕಪಕ್ಕದ ನಾಲ್ಕು ಮನೆಯವರು ಒಂದೇ ಮದ್ದು, ಒಂದೇ ಬೆಳೆ ಎಂದು ಒಪ್ಪಿಕೊಂಡು ಹಂಚಿಕೊಳ್ಳಿ. ಸಾಲಿನ ತುದಿ, ನಡು, ಬಿಸಿಲು, ನೆರಳು ಎಲ್ಲ ಕಡೆಯಿಂದ ಆಯ್ದು ಅಲಸಂಡೆ ಒಂದು ಕಿಲೋಗೆ ಕಡಿಮೆಯಾಗದಂತೆ ಇರಲಿ. ಮುಳ್ಳುಸೌತೆ ಕಾಲು ಕಿಲೋಗಿಂತ ದೊಡ್ಡದಿದ್ದರೆ ಕನಿಷ್ಠ ಐದು ಕಾಯಿ, ಎರಡು ಕಿಲೋ. ತೊಳೆಯಬೇಡಿ. ಮದ್ದಿಲ್ಲದ ಸಾಲನ್ನು ಮೊದಲು ಕೊಯ್ದು, ಅದನ್ನು ಬೇರೆಯವರಿಂದಲೇ ಹೊಸ ಪ್ಲಾಸ್ಟಿಕ್ ಚೀಲಕ್ಕೆ ತುಂಬಿಸಿ. ಗೊಬ್ಬರದಂಗಡಿಯ ಚೀಲ ಬೇಡ. ಬಿಸಿಲಿಗೆ ಇಡದೆ ಮಂಜುಗಡ್ಡೆಯ ಡಬ್ಬದಲ್ಲಿ ಇಟ್ಟು ರಾತ್ರಿ ರೈಲಿಗೆ ಕೊಟ್ಟರೆ ಬೆಳಿಗ್ಗೆ ವೆಳ್ಳಾಯಣಿಗೆ ಮುಟ್ಟಿಸಬಹುದು.

ಚೀಲದ ಚೀಟಿಯಲ್ಲಿ ಮದ್ದಿನ ಹೆಸರು, ಲೀಟರಿಗೆ ಎಷ್ಟು ಬೆರೆಸಿದಿರಿ, ಬಿಟ್ಟ ದಿನ ಮತ್ತು ಗಂಟೆ, ನಡುವೆ ಮಳೆ ಬಂತೇ ಎಂಬುದನ್ನು ಮಗಳ ಕೈಯಲ್ಲೇ ಬರೆಸಿ. ಬುಡಕ್ಕೆ ಬೇವಿನ ಹಿಂಡಿ ಹಾಕಿದ್ದರೆ ಅದನ್ನೂ ಬರೆಯಲಿ. ಅಜಾಡಿರಾಕ್ಟಿನ್ ಬೇರಿನ ಮೂಲಕವೂ ಗಿಡಕ್ಕೆ ಏರುತ್ತದೆ. ಮದ್ದಿಲ್ಲದ ಸಾಲಿನಲ್ಲಿ ಅದರ ಗುರುತು ಕಂಡರೆ ಹಿಂಡಿಯದೋ ಗಾಳಿಯಲ್ಲಿ ಹಾರಿ ಬಂದದ್ದೋ ಎಂದು ನೋಡಲು ಆ ಒಂದು ಸಾಲಿನ ಬರಹ ಬೇಕಾಗುತ್ತದೆ. ವರದಿ ಬಂದ ಮೇಲೆ ಅಂಕಿಗಳನ್ನು ನನಗೆ ಕಳಿಸಿ. ಮೂರು ದಿನಗಳ ಅಂಕಿಯಿಂದ ನಿಮ್ಮ ಬೈಲಿನ ಬಿಸಿಲಿಗೆ ಬೇವು ಎಷ್ಟು ದಿನ ನಿಲ್ಲುತ್ತದೆಂದು ಲೆಕ್ಕ ಹಾಕಿ ಕೊಡುತ್ತೇನೆ.